ಎದೆಯ ತೂತಿಗೆ ಬೆನ್ನಿನ ತೇಪೆ

ಎದೆಗೂಡಿನ ಗೆಡ್ಡೆ ತೆಗೆಯುವುದೆಂದರೆ ಗೆಡ್ಡೆಯನ್ನಷ್ಟೇ ಕೀಳುವುದಲ್ಲ. ಸುತ್ತಲಿನ ಚರ್ಮ, ಸ್ನಾಯು, ಕೆಲವೊಮ್ಮೆ ಮೂರ್ನಾಲ್ಕು ಪಕ್ಕೆಲುಬುಗಳೂ ಹೋಗುತ್ತವೆ. ಉಳಿಯುವುದು ಅಂಗೈಯಗಲದ ತೂತು. ಒಳಗೆ ಶ್ವಾಸಕೋಶ ಆಡುವುದು ಕಾಣುತ್ತದೆ. ಅಂಚು ಎಳೆದು ಹೊಲಿಯೋಣ ಅಂದರೆ ಸಾಲುವುದಿಲ್ಲ.

ಮೊದಲ ಕೆಲಸ, ಗೋಡೆ ಗಟ್ಟಿ ಮಾಡುವುದು. ಎಲುಬಿಲ್ಲದ ಜಾಗ ಉಸಿರೆಳೆದಾಗ ಒಳಕ್ಕೆ ಕುಸಿಯುತ್ತದೆ, ಬಿಟ್ಟಾಗ ಉಬ್ಬುತ್ತದೆ. ಹಾಗಾಗಿ ತೂತು 5 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಮೆಶ್ ಅನ್ನು, ಅಂದರೆ ಕೃತಕ ಬಲೆಯನ್ನು, ಬಿಗಿಯಾಗಿ ಎಳೆದು ಪಕ್ಕೆಲುಬುಗಳಿಗೆ ಹೊಲಿಯುತ್ತಾರೆ.

ಈ ಮೆಶ್ ಮೇಲೆ ತೊಡೆಯ ತೆಳು ಚರ್ಮ ತಂದು ಅಂಟಿಸಿದರೆ ಹಿಡಿಯುವುದಿಲ್ಲ. ಅದಕ್ಕೆ ರಕ್ತ ಕೊಡುವವರು ಯಾರು? ತನ್ನ ರಕ್ತನಾಳವನ್ನು ತಾನೇ ಹೊತ್ತು ತರುವ ತೇಪೆ ಬೇಕು. ಅದೇ ಫ್ಲ್ಯಾಪ್.

ಉಪಾಯ ಹಳೆಯದು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕೋವಸ್‌ಜಿ ಎಂಬ ಎತ್ತು ಹೊಡೆಯುವವನಿಗೆ ಪುಣೆ ಕಡೆಯ ನಾಟಿ ವೈದ್ಯರು ಹಣೆಯ ಚರ್ಮವನ್ನೇ ತಿರುಗಿಸಿ ಮೂಗು ಕಟ್ಟಿದ್ದರು. ಮೇಣದಲ್ಲಿ ಅಳತೆ ತೆಗೆದು, ಹುಬ್ಬುಗಳ ನಡುವೆ ಚರ್ಮದ ಸೇತುವೆಯನ್ನು ಹಾಗೇ ಉಳಿಸಿದ್ದರು. ಎದೆಗೂ ಲೆಕ್ಕ ಅದೇ, ಅಲ್ವಾ?

ಇಲ್ಲಿ ಹೆಚ್ಚಾಗಿ ಬಳಸುವುದು ಬೆನ್ನಿನ ಅಗಲ ಸ್ನಾಯು, ಲ್ಯಾಟಿಸಿಮಸ್ ಡಾರ್ಸೈ. ಇಟಲಿಯ ಶಸ್ತ್ರವೈದ್ಯ ತನ್ಸಿನಿ 1906ರಲ್ಲೇ ಇದನ್ನು ಎದೆಗೆ ತಿರುಗಿಸಿದ್ದರು. ಬೇಕಾದಷ್ಟು ಚರ್ಮವನ್ನು ಬೆನ್ನಿನ ಮೇಲೆ ಗುರುತು ಹಾಕಿ, ಸ್ನಾಯು ಸಮೇತ ಬಿಡಿಸುತ್ತಾರೆ. ಕಂಕುಳ ಹತ್ತಿರ ಬಂದಾಗ ಕೈ ನಿಧಾನ. ರಕ್ತನಾಳ ಬರುವುದು ಅಲ್ಲಿಂದಲೇ. ಅದನ್ನು ಉಳಿಸಿಕೊಂಡು, ಚರ್ಮದಡಿ ದಾರಿ ಮಾಡಿ ಫ್ಲ್ಯಾಪನ್ನು ಮುಂದಕ್ಕೆ ಜಾರಿಸಿ ಹೊಲಿಯುತ್ತಾರೆ. ನಾಳ ತಿರುಚಿದರೆ ಇಷ್ಟೂ ಶ್ರಮ ವ್ಯರ್ಥ. ಬೆನ್ನಿನ ಗಾಯವನ್ನು ಹಾಗೇ ಹೊಲಿಯುತ್ತಾರೆ. ಅಲ್ಲಿ ನೀರು ತುಂಬುವುದು ಜಾಸ್ತಿ, ಅದಕ್ಕೇ ಅದನ್ನು ಹೊರಗೆ ಹರಿಸುವ ಡ್ರೈನ್ ನಳಿಕೆ.

ಮುಂದಿನದು ಕಾವಲು. ಮೊದಲ ದಿನ ನರ್ಸ್ ಗಂಟೆಗೊಮ್ಮೆ ಬಂದು ತೇಪೆಯನ್ನು ಬೆರಳಲ್ಲಿ ಒತ್ತಿ ಬಿಡುತ್ತಾರೆ. ಬಿಳಿಚಿದ ಜಾಗ ಎರಡು ಸೆಕೆಂಡಿನಷ್ಟರಲ್ಲಿ ಕೆಂಪೇರಿದರೆ ನೆಮ್ಮದಿ. ಬಿಳಿಚಿಕೊಂಡೇ ತಣ್ಣಗಾದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ. ಎರಡಕ್ಕೂ ಕೂಡಲೇ ಆಪರೇಷನ್ ಥಿಯೇಟರ್.

ಆ ಸ್ನಾಯು ಇಲ್ಲದೆಯೂ ತಲೆ ಬಾಚಬಹುದು, ಅಡುಗೆ ಮಾಡಬಹುದು. ಮರ ಹತ್ತುವಾಗ, ಈಜುವಾಗ ಬಲ ಕಡಿಮೆ ಅನಿಸಬಹುದು. ಮೊದಲ ಕೆಲವು ದಿನ ಮಾತ್ರ ಆ ಮಗ್ಗುಲಿಗೆ ಮಲಗಬೇಡಿ, ತೋಳನ್ನು ಮೈಗೆ ಒತ್ತಿಕೊಳ್ಳಬೇಡಿ. ಕಂಕುಳಲ್ಲಿ ಸಣ್ಣ ದಿಂಬು ಇಟ್ಟುಕೊಂಡರೆ ಸಾಕು.