ಈಸೂರಿನ ಕಥೆಯನ್ನು ಫಲಕಕ್ಕೆ ಬರೆದ ಅನುಭವ

ನಮ್ಮ ಪ್ರೌಢಶಾಲೆ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅದರ ಗೋಡೆಗೆ ಇದೇ ತಾಲ್ಲೂಕಿನ ಹಳ್ಳಿ ಈಸೂರಿನ ಸ್ವಾತಂತ್ರ್ಯ ಹೋರಾಟದ ಫಲಕ ಬರೆದುಕೊಡುವ ಹೊಣೆ ಇತಿಹಾಸ ಕಲಿಸುವ ನನ್ನ ಮೇಲೆ ಬಿತ್ತು. ಬರೆಯುವ ಮೊದಲು ಹೋರಾಟದ ಫಲಕಗಳನ್ನು ಕಂಡಲ್ಲೆಲ್ಲ ನಿಂತು ಓದಿದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯಷ್ಟೇ ಸಲೀಸಾಗಿ ‘ಬ್ರಿಟಿಷರು ಐವರನ್ನು ಗಲ್ಲಿಗೇರಿಸಿದರು’ ಎಂದೂ ಬರೆದುಬಿಡುತ್ತೇವೆ. 1942ರಲ್ಲಿ ಈಸೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ವಿಚಾರಣೆ, ಶಿಕ್ಷೆ ಎಲ್ಲವೂ ಸಂಸ್ಥಾನದ ಸರ್ಕಾರದ್ದು. ಆಗ ಜಯಚಾಮರಾಜ ಒಡೆಯರ್ ಮಹಾರಾಜರು, ಎನ್. ಮಾಧವರಾವ್ ದಿವಾನರು. ಅರಮನೆಯ ಮೇಲಿನ ನಮ್ಮ ಅಭಿಮಾನ ಈ ಸಂಗತಿಯನ್ನು ನುಂಗಿಹಾಕಿದೆ ಎಂದೇ ನನ್ನ ನಂಬಿಕೆ.

ಮೊದಲ ಕರಡಿನಲ್ಲಿ ಕಂದಾಯ ನಿರಾಕರಣೆ, ಊರು ತಾನೇ ಸರ್ಕಾರ ಘೋಷಿಸಿ ಹುಡುಗರನ್ನು ಅಮಲ್ದಾರ (ಇಂದಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಎಂದು ಕೂರಿಸಿದ್ದು, ಬಂದ ಅಧಿಕಾರಿಗಳು ಗಾಂಧಿ ಟೋಪಿ ಧರಿಸಬೇಕೆಂದು ಪಟ್ಟು ಹಿಡಿದದ್ದು, ಆಮೇಲೆ ನೇರವಾಗಿ ಗಲ್ಲು, ಇಷ್ಟೇ ಇತ್ತು. ಒಂಬತ್ತನೇ ತರಗತಿಯ ಹುಡುಗಿಗೆ ಓದಲು ಕೊಟ್ಟೆ. “ಟೋಪಿ ಹಾಕಿಸಿದ್ದಕ್ಕೆ ಗಲ್ಲೇ, ಸಾರ್?” ಎಂದಳು.

ನಡುವೆ ಇದ್ದದ್ದು ಸೆಪ್ಟೆಂಬರ್ 28. ಅಂದು ಪೊಲೀಸರೊಂದಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಘರ್ಷಣೆಯಲ್ಲಿ ಜನರ ಕೈಯಿಂದ ಸತ್ತರು. ಅಂದಿನ ಸರ್ಕಾರಕ್ಕೆ ಇಡೀ ಈಸೂರು ಆ ಒಂದು ದಿನದ ಕೊಲೆ ಪ್ರಕರಣ. ಹಿಂದಿನ ದಿನಗಳು ಅದಕ್ಕೆ ಬೇಡವಾಗಿದ್ದವು. ಅಭಿಮಾನದ ಬರಹಗಳಿಗೆ ಆ ದಿನವೇ ಬೇಡ. ಕ್ವಿಟ್ ಇಂಡಿಯಾ ಕರೆಯಿಂದ ಶುರುಮಾಡಿ, ಆ ದಿನವನ್ನೂ, ನಂತರ ಪೊಲೀಸರು ಊರಿನ ಮೇಲೆ ನಡೆಸಿದ ದೌರ್ಜನ್ಯವನ್ನೂ, 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಾದ ಗಲ್ಲನ್ನೂ ಒಂದರ ಹಿಂದೆ ಒಂದು ಬರೆದೆ. ಪ್ರತಿ ಕ್ರಿಯೆಗೂ ಕರ್ತೃ ಯಾರೆಂದು ಹೇಳಲೇಬೇಕೆಂದು ಹಟ ಹಿಡಿದೆ. ಶಿಕ್ಷೆಗೆ ಗುರಿಯಾದ ಹೆಣ್ಣುಮಕ್ಕಳಿಗೂ ಜಾಗ ಮಾಡಲು ಅಲಂಕಾರದ ಮಾತುಗಳನ್ನೆಲ್ಲ ತೆಗೆದೆ; ‘ಕೆಚ್ಚೆದೆಯ’, ‘ವೀರಭೂಮಿ’ ಹೋದುದರಿಂದ ಏನೂ ನಷ್ಟವಾಗಲಿಲ್ಲ.

ಶಾಲಾ ಸಮಿತಿಯ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. “ಮೇಷ್ಟ್ರೇ, ಅಧಿಕಾರಿಗಳ ಸಾವು ಬರೆದರೆ ಹುತಾತ್ಮರಿಗೆ ಕಳಂಕ ಹಚ್ಚಿದಂತಾಗುವುದಿಲ್ಲವೇ?”

“ಯಜಮಾನರೇ, ಅದನ್ನು ಬಿಟ್ಟರೆ ಇವರು ಯಾವುದಕ್ಕೆ ತಲೆಕೊಟ್ಟರೆಂದೇ ಮಕ್ಕಳಿಗೆ ತಿಳಿಯುವುದಿಲ್ಲ” ಎಂದೆ.

ಬಹಳ ಹೊತ್ತು ವಾದಿಸಿದರು. ಕೊನೆಗೆ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐದು ಹೆಸರುಗಳು ಉಳಿದ ಬರಹಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕೆಂದು ಷರತ್ತು ಹಾಕಿ ಸಹಿ ಮಾಡಿದರು. ನಾನು ಸಂತೋಷದಿಂದ ಒಪ್ಪಿದೆ.