33 ಬೈಟಿನ ದಾಖಲೆಗೆ 64 ಬೈಟ್ ಜಾಗ

ಬೆಂಗಳೂರಿನಲ್ಲಿ ಓಡಾಡುವ ಡೆಲಿವರಿ ಗಾಡಿಗಳ ಜಿಪಿಎಸ್ ದಾಖಲೆಗಳನ್ನೆಲ್ಲ ಮೆಮೊರಿಗೆ ತುಂಬಿಕೊಂಡು ಲೆಕ್ಕ ಹಾಕುವ ಒಂದು ಪ್ರೋಗ್ರಾಮ್ ಬರೆದಿದ್ದೆ, ಸಿ ಪ್ಲಸ್ ಪ್ಲಸ್‌ನಲ್ಲಿ. ಒಂದು ದಾಖಲೆಗೆ 33 ಬೈಟ್. ಒಟ್ಟು 4 ಕೋಟಿ ದಾಖಲೆ. ಅಂದರೆ ಸುಮಾರು 1.3 ಜಿಬಿ. 2 ಜಿಬಿ ರ‍್ಯಾಮ್ ಇರುವ ಸರ್ವರ್ ಸಾಕು ಅಂತ ನಾನೇ ಬರೆದು ಕೊಟ್ಟಿದ್ದೆ. ಓಡಿಸಿದರೆ ಅರ್ಧ ದಾರಿಯಲ್ಲೇ ಮೆಮೊರಿ ಮುಗಿದು ಪ್ರೋಗ್ರಾಮ್ ಸತ್ತುಹೋಯಿತು.

ಎಲ್ಲೋ ಲೀಕ್ ಇದೆ, ಅಂದರೆ ಬಳಸಿದ ಮೆಮೊರಿ ವಾಪಸ್ ಬರುತ್ತಿಲ್ಲ ಅಂತ ಒಂದು ದಿನ ಪೂರ್ತಿ ಹುಡುಕಿದೆ. ಸಿಗಲಿಲ್ಲ. ಕೊನೆಗೆ, ಸುಮ್ನೆ ನೋಡೋಣ ಅಂತ ದಾಖಲೆಯ ರೂಪ ಹೇಳುವ ಕ್ಲಾಸಿನ ಸೈಜ್‌ಆಫ್, ಅಂದರೆ ಮೆಮೊರಿಯಲ್ಲಿ ಅದು ಎಷ್ಟು ಬೈಟ್ ಹಿಡಿಯುತ್ತದೆ ಅನ್ನುವುದನ್ನು ಪ್ರಿಂಟ್ ಮಾಡಿದೆ. 64 ಅಂತ ಬಂತು! ಹೆಚ್ಚುಕಡಿಮೆ ಎರಡರಷ್ಟು.

ನಾನು ಬರೆದ ಕ್ರಮ ಹೀಗಿತ್ತು: ದಾಖಲೆ ಸರಿ ಇದೆಯಾ ಅನ್ನುವ ಬೂಲ್ (ಹೌದು ಅಥವಾ ಇಲ್ಲ, 1 ಬೈಟ್), ಅಕ್ಷಾಂಶಕ್ಕೆ ಡಬಲ್ (ದಶಮಾಂಶ ಸಂಖ್ಯೆ, 8 ಬೈಟ್), ಗಾಡಿ ಓಡುತ್ತಿದೆಯಾ ಅನ್ನುವ ಇನ್ನೊಂದು ಬೂಲ್, ರೇಖಾಂಶಕ್ಕೆ ಡಬಲ್, ವೇಗಕ್ಕೆ ಶಾರ್ಟ್ (2 ಬೈಟಿನ ಪೂರ್ಣಾಂಕ), ಸಮಯಕ್ಕೆ 64 ಬಿಟ್‌ನ, ಅಂದರೆ 8 ಬೈಟಿನ ಇಂಟ್, ಗಾಡಿ ಯಾವ ಬಗೆ ಅನ್ನುವುದಕ್ಕೆ ಒಂದು ಕ್ಯಾರ್ (1 ಬೈಟ್), ಗಾಡಿ ನಂಬರಿಗೆ ಮಾಮೂಲಿ ಇಂಟ್ (4 ಬೈಟ್). ತಲೆಗೆ ಹೊಳೆದ ಹಾಗೆ ಬರೆದದ್ದು. ಜೊತೆಗೆ ಒಂದು ವರ್ಚುವಲ್ ಡಿಸ್ಟ್ರಕ್ಟರ್, ಅಂದರೆ ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸ್ ಮಾಡಿದಾಗ ಬೇಕಾಗುವ, ಆಬ್ಜೆಕ್ಟ್ ಅಳಿಸುವಾಗ ಓಡುವ ಫಂಕ್ಷನ್. ಯಾಕೆ ಹಾಕಿದ್ದೆ ಅಂತ ಕೇಳಬೇಡಿ, ಅದು ಅಭ್ಯಾಸಬಲ.

ಪಾಹೋಲ್ ಅಂತ ಒಂದು ಟೂಲ್ ಇದೆ. ಲಿನಕ್ಸ್ ಕರ್ನಲ್ ಮೇಲೆ ಕೆಲಸ ಮಾಡುವವರು ಬಳಸುತ್ತಾರೆ. ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿದ (ಮಷೀನಿನ ಭಾಷೆಗೆ ತಿರುಗಿಸಿದ) ಫೈಲನ್ನು ಅದಕ್ಕೆ ಕೊಟ್ಟರೆ, ಕ್ಲಾಸಿನೊಳಗಿನ ಯಾವ ಮೆಂಬರ್ (ಬೂಲ್, ಡಬಲ್ ಇತ್ಯಾದಿ) ಎಷ್ಟನೇ ಬೈಟಿನಲ್ಲಿದೆ, ನಡುವೆ ಎಲ್ಲಿ ತೂತು, ಅಂದರೆ ಖಾಲಿ ಜಾಗ ಇದೆ ಅಂತ ತೋರಿಸುತ್ತದೆ. ನನ್ನ ಕ್ಲಾಸಿನಲ್ಲಿ ನಾಲ್ಕು ತೂತು ಇದ್ದವು: 7, 7, 6, 3 ಬೈಟ್. ಒಟ್ಟು 23. ವರ್ಚುವಲ್ ಅಂದ ಕೂಡಲೇ ಕಂಪೈಲರ್ ತಾನಾಗಿಯೇ ಪ್ರತಿ ಆಬ್ಜೆಕ್ಟಿನ, ಇಲ್ಲಿ ಪ್ರತಿ ದಾಖಲೆಯ, ತಲೆಗೆ ಒಂದು ಪಾಯಿಂಟರ್ (ಮೆಮೊರಿಯ ಒಂದು ವಿಳಾಸ) ಇಡುತ್ತದೆ. ಅದಕ್ಕೆ 8. ನನ್ನ 33 ಸೇರಿ 64.

ತೂತು ಯಾಕೆ ಬರುತ್ತದೆ ಅಂದರೆ, ಈ ಮಷೀನಿನಲ್ಲಿ ಡಬಲ್ 8ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು. ಇಂಟ್‌ಗೆ 4, ಶಾರ್ಟ್‌ಗೆ 2. ಬೂಲ್ ಎಲ್ಲಿ ಬೇಕಾದರೂ ಕೂರುತ್ತದೆ. ಒಂದು ಬೈಟಿನ ಬೂಲ್ ಆದ ಮೇಲೆ ಡಬಲ್ ಬಂತು ಅಂದರೆ ನಡುವಿನ 7 ಬೈಟ್ ಖಾಲಿ. ಕಂಪೈಲರೇ ಅದನ್ನೆಲ್ಲ ಸರಿಯಾಗಿ ಜೋಡಿಸಿಕೊಳ್ಳಬಹುದಿತ್ತಲ್ವಾ ಅಂತ ನನಗೂ ಅನಿಸಿತ್ತು. ರಸ್ಟ್ ಭಾಷೆಯಲ್ಲಿ ಅದಕ್ಕೆ ಅವಕಾಶ ಇದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇಲ್ಲ. ಮೊದಲು ಬರೆದ ಮೆಂಬರ್ ಮೊದಲೇ ಇರಬೇಕು, ಅದು ಸಿ ಕಾಲದಿಂದ ಬಂದ ಕರಾರು.

ಹಾಗಾಗಿ ನಾನೇ ಜೋಡಿಸಿದೆ. ಊರಿಗೆ ಹೊರಡುವಾಗ ಅಮ್ಮ ಚೀಲ ತುಂಬುವುದೂ ಹೀಗೇ, ದೊಡ್ಡ ಪಾತ್ರೆ ಮೊದಲು, ಲೋಟ ಚಮಚ ಆಮೇಲೆ. ಎರಡು ಡಬಲ್, ಸಮಯ, ಆಮೇಲೆ ಇಂಟ್, ಶಾರ್ಟ್, ಕೊನೆಗೆ ಒಂದೊಂದು ಬೈಟಿನ ಮೂರು. 64 ಇದ್ದದ್ದು 48ಕ್ಕೆ ಇಳಿಯಿತು. ಈ ಕ್ಲಾಸಿನಿಂದ ಯಾರೂ ಇನ್ನೊಂದು ಕ್ಲಾಸ್ ಮಾಡಿರಲಿಲ್ಲ. ಹಾಗಾಗಿ ವರ್ಚುವಲ್ ಕಿತ್ತೆ. 40.

ಇಲ್ಲಿ ನನಗೆ ಹೊಟ್ಟೆ ಉರಿಯಿತು. ಇರುವುದು 33 ಬೈಟ್, ನಡುವೆ ಒಂದೂ ತೂತಿಲ್ಲ, ಆದರೂ 40! ಬಾಲಕ್ಕೆ 7 ಬೈಟ್ ಅಂಟಿಕೊಂಡಿತ್ತು. ಸಾಲಾಗಿ ಇಟ್ಟಾಗ ಮುಂದಿನ ಆಬ್ಜೆಕ್ಟಿನ ಡಬಲ್ ಕೂಡ 8ರ ಲೆಕ್ಕಕ್ಕೆ ಬರಬೇಕಲ್ಲ, ಅದಕ್ಕೆ. ಅಂದರೆ ಆ 33ನೇ ಒಂದು ಬೈಟಿಗೋಸ್ಕರ ನಾನು 8 ಬೈಟ್ ತೆರುತ್ತಿದ್ದೆ.

ಖಾಲಿ ಬಿಡದೆ ಒತ್ತಾಗಿ ಜೋಡಿಸು ಅಂತ ಕಂಪೈಲರ್‌ಗೆ ಹೇಳುವ ಪ್ರಾಗ್ಮಾ ಪ್ಯಾಕ್ ಹಾಕಿ ನೋಡಿದೆ. 33 ಆಯಿತು, ಆದರೆ ಎರಡನೇ ದಾಖಲೆಯಿಂದಲೇ ಡಬಲ್‌ಗಳು ಅಡ್ಡಾದಿಡ್ಡಿ ವಿಳಾಸದಲ್ಲಿ ಕೂತವು. ಇಂಟೆಲ್ ಚಿಪ್ ಸಹಿಸಿಕೊಳ್ಳುತ್ತದೆ. ಆದರೆ ಅಂಥ ಡಬಲ್‌ನ ಪಾಯಿಂಟರನ್ನು ಬೇರೆ ಫಂಕ್ಷನ್‌ಗೆ ಕೊಟ್ಟರೆ ಭಾಷೆಯ ನಿಯಮವೇ ಮುರಿದಂತೆ. ಇಂಥ ತಪ್ಪು ಹಿಡಿಯುವ ಸ್ಯಾನಿಟೈಜರ್ ಹಾಕಿ ಓಡಿಸಿದಾಗ ದೂರುಗಳ ಮಳೆಯೇ ಸುರಿಯಿತು. ಬೇಡಪ್ಪ ಅಂತ ತೆಗೆದೆ. ಅದರ ಬದಲು ಎರಡು ಬೂಲ್‌ಗಳನ್ನು ಬಿಟ್‌ಫೀಲ್ಡ್ ಮಾಡಿದೆ, ಅಂದರೆ ಬೈಟಿನ ಎಂಟು ಬಿಟ್‌ಗಳಲ್ಲಿ ಒಂದೊಂದನ್ನಷ್ಟೇ ಅವಕ್ಕೆ ಕೊಟ್ಟೆ. ಎರಡೂ ಒಂದೇ ಬೈಟಿನಲ್ಲಿ ಕೂತವು. 32! ಪ್ರೊಸೆಸರ್ ಮೆಮೊರಿಯಿಂದ ಒಮ್ಮೆಗೆ ಎತ್ತಿಕೊಳ್ಳುವ 64 ಬೈಟಿನ ಒಂದು ಕ್ಯಾಶ್ ಲೈನಿಗೆ ಸರಿಯಾಗಿ ಎರಡು ದಾಖಲೆ. ಒಂದು ಎಚ್ಚರ ಮಾತ್ರ ಬೇಕು. ಪಕ್ಕಪಕ್ಕದ ಬಿಟ್‌ಗಳನ್ನು ಎರಡು ಥ್ರೆಡ್‌ಗಳು (ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಭಾಗಗಳು) ಒಟ್ಟಿಗೆ ಬರೆಯುವ ಹಾಗಿಲ್ಲ. ನಮ್ಮಲ್ಲಿ ಓದುವುದಷ್ಟೇ ಇತ್ತು.

ಖುಷಿಯಿಂದ ಸರ್ವರ್‌ಗೆ ಏರಿಸಿದೆ. ಸಂಜೆ ಫೋನ್ ಬಂತು. ಗಾಡಿಗಳಲ್ಲಿ ಅರ್ಧ ಕಾಣೆ, ಉಳಿದವೆಲ್ಲ ಆಫ್ರಿಕಾದ ಗಬಾನ್ ದೇಶದಲ್ಲಿ ಸಮಭಾಜಕ ವೃತ್ತದ ಮೇಲೆ ನಿಂತಿವೆ ಅಂತ.

ಮ್ಯಾಪ್ ಬಿಡಿಸುವ ಕೆಲಸ ನಮ್ಮದೇ ಇನ್ನೊಂದು ಲೈಬ್ರರಿಯದು, ಅಂದರೆ ಬೇರೆಯಾಗಿ ಕಂಪೈಲ್ ಆಗುವ ಕೋಡಿನದು. ಅದನ್ನು ನಾನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಅದರ ಪ್ರಕಾರ ದಾಖಲೆ ಇನ್ನೂ 64 ಬೈಟ್. ಅದಕ್ಕೇ ಎಣಿಕೆ ಅರ್ಧ ಆಗಿತ್ತು. ಹಳೆಯ ಲೆಕ್ಕದಲ್ಲಿ ಅಕ್ಷಾಂಶ 16ನೇ ಬೈಟಿನಲ್ಲಿ. ಈಗ ಅಲ್ಲಿ ಸಮಯ ಕೂತಿತ್ತು. ಮಿಲಿಸೆಕೆಂಡ್ ಎಣಿಸುವ ಆ ಇಂಟನ್ನು ಡಬಲ್ ಅಂತ ಓದಿದರೆ ಬರುವುದು ಹೆಚ್ಚುಕಡಿಮೆ ಸೊನ್ನೆ. ರೇಖಾಂಶ 32ನೇ ಬೈಟಿನಲ್ಲಿ, ಅಂದರೆ ಈಗ ಮುಂದಿನ ದಾಖಲೆಯ ಅಕ್ಷಾಂಶ. ಬೆಂಗಳೂರಿನ ಅಕ್ಷಾಂಶ ಸುಮಾರು 12.97. ಸೊನ್ನೆ ಮತ್ತು 13 ಡಿಗ್ರಿ ಪೂರ್ವ ಸೇರುವ ಜಾಗ ಗಬಾನ್. ಹೆಸರುಗಳು ಬದಲಾಗಿರಲಿಲ್ಲವಾದ್ದರಿಂದ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಚಕಾರ ಎತ್ತಿರಲಿಲ್ಲ. ಕ್ರ್ಯಾಶ್ ಆಗಿದ್ದರೆ ಎಷ್ಟೋ ವಾಸಿಯಿತ್ತು.

ಎರಡನ್ನೂ ಒಟ್ಟಿಗೆ ಕಂಪೈಲ್ ಮಾಡಿದ ಮೇಲೆ ಗಾಡಿಗಳು ಊರಿಗೆ ಬಂದವು. ಅಂದೇ, ಕ್ಲಾಸ್ ಇರುವ ಹೆಡರ್ ಫೈಲಿನಲ್ಲಿ ಒಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಮಾಡುವಾಗಲೇ ನಡೆಯುವ ತಪಾಸಣೆ) ಬರೆದೆ: ಈ ಕ್ಲಾಸಿನ ಸೈಜ್ 32 ಇರಬೇಕು, ಇಲ್ಲದಿದ್ದರೆ ಕಂಪೈಲ್ ಆಗಬಾರದು. ಕ್ರಮ ಬದಲಾದರೂ ಸೈಜ್ ಹಾಗೇ ಇರಬಹುದು ಅಂತ, ಅಕ್ಷಾಂಶ ಎಷ್ಟನೇ ಬೈಟಿನಲ್ಲಿದೆ ಅನ್ನುವುದಕ್ಕೂ ಆಫ್‌ಸೆಟ್‌ಆಫ್ ಬಳಸಿ ಇನ್ನೊಂದು ಹಾಕಿದೆ.

ಆರು ತಿಂಗಳ ಮೇಲೆ ತಂಡಕ್ಕೆ ಹೊಸದಾಗಿ ಬಂದ ಹುಡುಗ ನನ್ನ ಹತ್ತಿರ ಬಂದ. "ಸರ್, ಬ್ಯಾಟರಿ ಮಟ್ಟ ಅಂತ ಒಂದೇ ಒಂದು ಬೈಟ್ ಸೇರಿಸಿದೆ. ಬಿಲ್ಡ್ ನಿಂತುಹೋಯ್ತು" ಅಂದ. ಮತ್ತೆ 40ಕ್ಕೆ ಹಾರಿತ್ತು. ಮಟ್ಟ ಎಷ್ಟು ಅಂತ ನಿಜವಾಗಿ ಬೇಕಾ, ಕಡಿಮೆ ಇದೆ ಅಂತ ಗೊತ್ತಾದರೆ ಸಾಕಾ ಅಂತ ಕೇಳಿದೆ. ಅಷ್ಟೇ ಸಾಕು ಸರ್ ಅಂದ. ಬೂಲ್‌ಗಳ ಬೈಟಿನಲ್ಲಿ ಇನ್ನೂ 6 ಬಿಟ್ ಖಾಲಿ ಬಿದ್ದಿದ್ದವು. ಒಂದನ್ನು ಅವನಿಗೆ ಕೊಟ್ಟೆ.