ಚಿಳ್ಳೆಪಿಳ್ಳೆಗಳ ಜೊತೆ ಕೊಡಗಿನ ರೆಸಾರ್ಟ್: ಎರಡು ರಾತ್ರಿ, ಒಂದೇ ಜಾಗ

ಬೆಂಗಳೂರಿನ ಎರಡು ಸಂಸಾರ. ದೊಡ್ಡವರು ನಾಲ್ವರು, ಎರಡರಿಂದ ಏಳು ವರ್ಷದೊಳಗಿನ ಮಕ್ಕಳು ನಾಲ್ವರು. ಈ ಲೆಕ್ಕ ಇಟ್ಟುಕೊಂಡೇ ಮುಂದಿನದ್ದನ್ನು ಬರೆದಿದೆ. ಅಬ್ಬಿ ಜಲಪಾತ, ರಾಜಾಸೀಟು, ತಲಕಾವೇರಿ, ದುಬಾರೆ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸುವ ಪಟ್ಟಿ ನಿಮ್ಮ ಹತ್ತಿರ ಇದ್ದರೆ ಮೊದಲು ಮಡಚಿಡಿ. ಈ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ನೀರು, ಹುಲ್ಲುಹಾಸು, ಜೊತೆಗೆ ಆಡಲು ಇನ್ನೊಂದು ಮಗು. ಉಳಿದದ್ದೆಲ್ಲ ದೊಡ್ಡವರ ಆಸೆ.

ಪ್ರವಾಸ ಸಲೀಸಾಗುತ್ತದೋ ಇಲ್ಲವೋ ಎಂಬುದು ಬುಕ್ ಮಾಡುವ ಮುಂಚಿನ ಹತ್ತು ನಿಮಿಷದ ಫೋನಿನಲ್ಲೇ ತೀರ್ಮಾನವಾಗುತ್ತದೆ. ಬುಕಿಂಗ್ ಆ್ಯಪ್‌ನ ಫೋಟೊ ನಂಬಿ ದುಡ್ಡು ಕಟ್ಟಬೇಡಿ. ರೆಸಾರ್ಟಿನ ರಿಸೆಪ್ಷನ್‌ಗೇ ಫೋನ್ ಮಾಡಿ.

ಮೊದಲ ಪ್ರಶ್ನೆ: ಕಾಟೇಜಿನಿಂದ ಊಟದ ಹಾಲ್‌ಗೆ ಎಷ್ಟು ಮೆಟ್ಟಿಲು? ಕಾಫಿ ತೋಟದ ರೆಸಾರ್ಟುಗಳು ಹೆಚ್ಚಾಗಿ ಇಳಿಜಾರಿನಲ್ಲಿರುತ್ತವೆ, ಫೋಟೊದಲ್ಲಿ ಅದು ಕಾಣುವುದಿಲ್ಲ. ರಾತ್ರಿ ಮಳೆಯಲ್ಲಿ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಐವತ್ತು ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ‘ವ್ಯೂ ಚೆನ್ನಾಗಿರುವ’ ತುದಿಯ ಕಾಟೇಜು ಬೇಡ ಎನ್ನಿ. ಹಾಲ್‌ಗೆ ಹತ್ತಿರದ, ನೆಲಮಟ್ಟದ, ಅಕ್ಕಪಕ್ಕದ ಎರಡು ರೂಮು ಕೇಳಿ. ಎಲ್ಲರೂ ಒಂದೇ ದೊಡ್ಡ ಕಾಟೇಜಿನಲ್ಲಿ ಮಲಗಿದರೆ ಒಂದು ಮಗು ಎದ್ದಾಗ ನಾಲ್ಕೂ ಏಳುತ್ತವೆ.

ಎರಡನೆಯದು ಈಜುಕೊಳ. ಮಕ್ಕಳ ಕೊಳ ಬೇರೆ ಇದೆಯೇ, ಆಳ ಎರಡು ಅಡಿಯೊಳಗೆ ಇದೆಯೇ, ಸುತ್ತ ಬೇಲಿ ಮತ್ತು ಗೇಟು ಇದೆಯೇ? ಬೇಲಿ ಇಲ್ಲದ ಕೊಳದ ಪಕ್ಕದ ರೂಮನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಮೂರನೆಯದು ರಾತ್ರಿ ಊಟದ ಹೊತ್ತು. ಬಹಳ ಕಡೆ ಬಫೆ ತೆರೆಯುವುದು ಎಂಟಕ್ಕೆ. ಅಷ್ಟರಲ್ಲಿ ಮಕ್ಕಳು ಹಸಿದು, ತೂಕಡಿಸಿ, ರಚ್ಚೆ ಹಿಡಿದಿರುತ್ತಾರೆ. ಏಳು ಗಂಟೆಗೆ ಖಾರವಿಲ್ಲದ ಅನ್ನ, ಬೇಳೆ, ಮೊಸರು ಕೊಡುತ್ತೀರಾ ಎಂದು ಈಗಲೇ ಕೇಳಿ. ಕೊಡಗಿನಲ್ಲಿ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಕಡಂಬುಟ್ಟು (ಅಕ್ಕಿತರಿಯ ಕಡುಬು) ಇದ್ದರೆ ಇನ್ನೂ ಒಳ್ಳೆಯದು. ಮೆತ್ತಗಿರುತ್ತದೆ, ಖಾರವಿಲ್ಲ, ತುಪ್ಪ ಸವರಿ ಕೊಟ್ಟರೆ ತಕರಾರಿಲ್ಲದೆ ಇಳಿಯುತ್ತದೆ.

ಜೊತೆಗೆ ಸಣ್ಣಪುಟ್ಟವು: ಕರೆಂಟ್ ಹೋದಾಗ ಜನರೇಟರಿನಲ್ಲಿ ಗೀಸರ್ ನಡೆಯುತ್ತದೆಯೇ (ಎಷ್ಟೋ ಕಡೆ ದೀಪ, ಫ್ಯಾನು ಮಾತ್ರ), ಬಚ್ಚಲಲ್ಲಿ ಬಕೆಟ್ಟು-ಚೆಂಬು ಇಡುತ್ತಾರೆಯೇ, ರೂಮಿನಲ್ಲಿ ಕೆಟಲ್ ಇದೆಯೇ. ಬರೀ ಶವರಿನ ಕೆಳಗೆ ಎರಡು ವರ್ಷದ ಮಗುವಿಗೆ ಸ್ನಾನ ಮಾಡಿಸುವುದು ದೊಡ್ಡ ಯುದ್ಧ.

ಬಾಡಿಗೆ ಕೇಳುವಾಗ ಪ್ಲಾನ್ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಸಿಪಿ ಎಂದರೆ ಬೆಳಗಿನ ತಿಂಡಿ ಮಾತ್ರ, ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ಮಕ್ಕಳಿದ್ದರೆ ಎಪಿಯೇ ಸರಿ. ಊಟಕ್ಕಾಗಿ ಹತ್ತು ಕಿಲೋಮೀಟರ್ ಘಾಟಿ ಇಳಿಯುವ ಕೆಲಸ ತಪ್ಪುತ್ತದೆ. ಎಷ್ಟು ವರ್ಷದ ತನಕ ಉಚಿತ ಎಂಬುದು ಒಂದೊಂದು ಕಡೆ ಒಂದೊಂದು ತರಹ, ಐದೋ ಆರೋ ಇರುತ್ತದೆ. ‘ಎಕ್ಸ್‌ಟ್ರಾ ಬೆಡ್’ ಎಂದರೆ ಸಾಮಾನ್ಯವಾಗಿ ನೆಲದ ಮೇಲಿನ ಹಾಸಿಗೆ. ಮಕ್ಕಳಿಗೆ ಅದೇ ವಾಸಿ, ಉರುಳಿ ಬೀಳುವ ಭಯವಿಲ್ಲ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಕೇಳಿ; ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ತೆರಿಗೆಯೇ ಶೇ 18. ಒಪ್ಪಿದ್ದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ‘ಆಯ್ತು ಸಾರ್’ ಎಂದವರ ಪಾಳಿ ನೀವು ಹೋದ ದಿನ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಹಸಿರೇನೋ ಕಣ್ಣಿಗೆ ಹಬ್ಬ, ಆದರೆ ಮಕ್ಕಳು ಮೂರು ದಿನ ರೂಮಿನೊಳಗೇ ಕೂರಬೇಕಾಗುತ್ತದೆ, ಹುಲ್ಲಿಗೆ ಕಾಲಿಟ್ಟರೆ ಇಂಬಳ (ರಕ್ತ ಹೀರುವ ಜಿಗಣೆ). ಹತ್ತಿದರೆ ಗಾಬರಿ ಬೇಡ: ಸುಡಬೇಡಿ, ಎಳೆಯಬೇಡಿ, ಕಚ್ಚಿದ ತುದಿಯ ಕೆಳಗೆ ಉಗುರು ತೂರಿಸಿ ಬದಿಗೆ ಸರಿಸಿ, ಸೋಪಿನಲ್ಲಿ ತೊಳೆಯಿರಿ. ಸ್ವಲ್ಪ ಹೊತ್ತು ರಕ್ತ ಒಸರುವುದು ಸಹಜ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯ ಕಾಲ. ಶಾಲೆಗೆ ಮೂರು ದಿನ ರಜೆ ಹಾಕಿಸಲು ಸಾಧ್ಯವಾದರೆ ಸೋಮವಾರದಿಂದ ಬುಧವಾರ ಹೋಗಿ. ಕೊಳವೂ ಖಾಲಿ, ದರವೂ ಇಳಿದಿರುತ್ತದೆ.

ಬೆಂಗಳೂರಿನಿಂದ ಮಡಿಕೇರಿ ಸುಮಾರು 260 ಕಿಲೋಮೀಟರ್. ಗೂಗಲ್ ಐದು-ಐದೂವರೆ ಗಂಟೆ ಎಂದರೆ ಮಕ್ಕಳ ಜೊತೆ ಏಳು ಗಂಟೆ ಎಂದುಕೊಳ್ಳಿ. ಬೆಳಗ್ಗೆ ಐದೂವರೆಗೆ ಮಲಗಿದ ಬಟ್ಟೆಯಲ್ಲೇ ಎತ್ತಿ ಕಾರಿಗೆ ಹಾಕಿದರೆ ಮೈಸೂರಿನ ತನಕದ ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತದೆ. ನಿದ್ದೆಯಲ್ಲಿದ್ದರೂ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಬೇಕೇ ಬೇಕು; 14 ವರ್ಷದೊಳಗಿನವರಿಗೆ ಕಾನೂನೇ ಇದೆ, ತಪ್ಪಿದರೆ 1,000 ರೂಪಾಯಿ ದಂಡ. ಮೈಸೂರು ಎಕ್ಸ್‌ಪ್ರೆಸ್‌ವೇ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿಗೋ ‘ಅಮ್ಮಾ ಸುಸ್ಸೂ’ಗೋ ನಿಲ್ಲಬೇಕೆಂದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿದಿರಬೇಕು. ಎಲ್ಲಿ ಇಳಿಯುವುದೆಂದು ಮನೆಯಲ್ಲೇ ಗುರುತು ಹಾಕಿಕೊಳ್ಳಿ.

ವಾಂತಿಯ ಮಾತು. ಕುಶಾಲನಗರ ದಾಟಿ ಮೇಲೇರುವಾಗ ತಿರುವುಗಳು ಶುರು. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗಾಡಿ ಓಲಾಡುತ್ತಿರುವುದು ಗೊತ್ತಾಗುತ್ತದೆ, ಕಣ್ಣಿಗೆ ಮಾತ್ರ ಅಲುಗಾಡದ ಸೀಟಿನ ಬೆನ್ನು ಕಾಣುತ್ತದೆ. ಈ ಎರಡರ ಜಗಳದಿಂದಲೇ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕುಶಾಲನಗರದಲ್ಲಿ ಮೊಬೈಲು, ಪುಸ್ತಕ ಎರಡನ್ನೂ ಇಸಿದುಕೊಳ್ಳಿ, ದೂರದ ಗುಡ್ಡ ತೋರಿಸಿ, ಕಿಟಕಿ ಎರಡು ಬೆರಳು ಇಳಿಸಿ. ಹಾಲು, ಎಣ್ಣೆತಿಂಡಿ ಆ ಹೊತ್ತಿಗೆ ಬೇಡ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ಪ್ಲಾಸ್ಟಿಕ್ ಕವರಿಗಿಂತ ಮುಚ್ಚಳವಿರುವ ಒಂದು ಲೀಟರಿನ ಐಸ್‌ಕ್ರೀಮ್ ಡಬ್ಬ ವಾಸಿ: ಮಗುವೇ ಹಿಡಿದುಕೊಳ್ಳಬಹುದು, ಮುಚ್ಚಿದರೆ ವಾಸನೆ ಹರಡದು. ಒಬ್ಬೊಬ್ಬರಿಗೆ ಒಂದೊಂದು.

ಬಟ್ಟೆಯನ್ನು ಮಕ್ಕಳ ಲೆಕ್ಕದಲ್ಲಿ ಬೇಡ, ದಿನದ ಲೆಕ್ಕದಲ್ಲಿ ಕಟ್ಟಿ. ಒಂದು ಮಗುವಿನ ಒಂದು ದಿನದ ಎರಡು ಜೊತೆ, ಒಳಉಡುಪು ಸೇರಿ, ಒಂದು ಕವರಿನಲ್ಲಿ, ಮೇಲೆ ಹೆಸರು. ಈಜುಡುಗೆ, ಟವೆಲು ಮಾತ್ರ ಬೇರೆ ಚೀಲದಲ್ಲಿ, ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೇಲೆ. ನೀವು ಹನ್ನೆರಡೂವರೆಗೆ ತಲುಪುತ್ತೀರಿ, ರೂಮು ಸಿಗುವುದು ಎರಡಕ್ಕೆ. ಆ ಒಂದೂವರೆ ಗಂಟೆ ಮಕ್ಕಳು ಕೊಳದಲ್ಲಿರಬಹುದು. ಹತ್ತಿಯ ಚಡ್ಡಿ, ಬನಿಯನ್ನು ಹಾಕಿದರೆ ನೀರಿಗೆ ಬಿಡುವುದಿಲ್ಲ. ಬಣ್ಣ ಕಿತ್ತಳೆಯೋ ಕೆಂಪೋ ಇರಲಿ. ತಿಳಿನೀಲಿ, ಬಿಳಿ ನೀರಿನಲ್ಲಿ ಕರಗಿಹೋಗುತ್ತವೆ.

ಔಷಧದ ಡಬ್ಬಿಗೆ: ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ (ದೊಡ್ಡ ಪೊಟ್ಟಣವಾದರೆ ಒಂದಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಅರ್ಧ ಲೋಟದಲ್ಲಿ ಕದಡಿದರೆ ಉಪ್ಪು ಹೆಚ್ಚಾಗಿ ತೊಂದರೆ), ಥರ್ಮಾಮೀಟರ್, ಪ್ಯಾರಾಸಿಟಮಾಲ್ ಸಿರಪ್. ಸಿರಪ್ಪಿನಲ್ಲಿ ಎಡವುವುದು ಇಲ್ಲೇ: ಐದು ಎಂಎಲ್‌ನಲ್ಲಿ 120-125 ಮಿಲಿಗ್ರಾಂನದ್ದೂ ಇದೆ, 250ರದ್ದೂ ಇದೆ. ಎರಡು ಸಂಸಾರ ಎರಡು ಬಾಟಲಿ ತಂದರೆ ಕತ್ತಲಲ್ಲಿ ಅದಲುಬದಲಾಗುವುದು ಸುಲಭ. ಒಂದೇ ಬಾಟಲಿ ತನ್ನಿ, ಪ್ರತಿ ಮಗುವಿಗೆ ಎಷ್ಟು ಎಂಎಲ್ ಎಂದು ನಿಮ್ಮ ಡಾಕ್ಟರಿಂದ ಬರೆಸಿ ಅದರ ಮೇಲೇ ಅಂಟಿಸಿ.

ರೂಮಿಗೆ ಮೊದಲು ಒಬ್ಬರೇ ಹೋಗಿ. ಬಾಲ್ಕನಿ ಕಂಬಿಗಳ ಸಂದು ನಾಲ್ಕು ಇಂಚಿಗಿಂತ ಅಗಲವಿದ್ದರೆ ಆ ಬಾಗಿಲಿಗೆ ಚಿಲಕ, ಮುಂದೆ ಸೂಟ್‌ಕೇಸು. ಮಂಚವನ್ನು ಗೋಡೆಗೆ ತಳ್ಳಿ. ಕೆಟಲಿನ ವಯರನ್ನು ಮೇಲಕ್ಕೆತ್ತಿಡಿ. ಬಚ್ಚಲ ಬಾಗಿಲಿನ ನೆತ್ತಿಯ ಮೇಲೆ ದಪ್ಪ ಟವೆಲ್ ಹಾಕಿಬಿಡಿ; ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಮಗು ಒಳಗಿಂದ ಚಿಲಕ ಹಾಕಿಕೊಂಡು ಅಳುವ ಪ್ರಸಂಗವೂ ಬರುವುದಿಲ್ಲ.

ಕೊಳದ ಹತ್ತಿರ ನಾಲ್ಕು ಜನ ದೊಡ್ಡವರಿದ್ದರೆ ನಾಲ್ವರೂ ನೋಡುತ್ತಿರುತ್ತಾರೆ ಎಂದು ನಂಬಬೇಡಿ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸುವುದಿಲ್ಲ. ಹದಿನೈದು ನಿಮಿಷಕ್ಕೊಬ್ಬರಂತೆ ಪಾಳಿ, ಪಾಳಿಯವರ ಕೈಯಲ್ಲಿ ಫೋನ್ ಇಲ್ಲ. ಈಜು ಬಾರದ ಸಣ್ಣವರ ಜೊತೆ ನೀರಿನಲ್ಲೇ ಒಬ್ಬರು, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ. ತೋಳಿಗೆ ಕಟ್ಟುವ ಗಾಳಿಚೀಲ ಜಾರುತ್ತದೆ, ಅದು ಆಟಿಕೆ ಅಷ್ಟೇ. ಚಳಿಗಾಲದಲ್ಲಿ ಹನ್ನೊಂದರಿಂದ ಮೂರರೊಳಗೆ ಮಾತ್ರ ಇಳಿಸಿ. ತುಟಿ ನೀಲಿಯಾದರೆ ಮೇಲಕ್ಕೆ.

ನಡುವಿನ ದಿನ ಎಲ್ಲಿಗೂ ಹೋಗಬೇಡಿ. ಏನಾದರೂ ತೋರಿಸಲೇಬೇಕೆಂದರೆ ವಾಪಸ್ ಬರುವಾಗ, ದಾರಿಯಲ್ಲೇ ಸಿಗುವ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಸಾಕು: ಸಮತಟ್ಟು ಅಂಗಳ, ಓಡಾಡಲು ಜಾಗ. ಕೊನೆಯ ದಿನ ಬೆಳಗ್ಗೆ ಯಾರೂ ನೀರಿಗಿಳಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒದ್ದೆ ಬಟ್ಟೆಯ ಮೂಟೆ ಕಾರಿನಲ್ಲಿ ಬೆಂಗಳೂರಿನ ತನಕ ನಾರುತ್ತದೆ. ತಿಂಡಿ ಮುಗಿಸಿ ಒಂಬತ್ತೂವರೆಗೆ ಹೊರಡಿ. ಹೊರಡುವ ಮುಂಚೆ ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಮರೆತ ಗೊಂಬೆ ನೆನಪಾಗುವುದು ಸರಿಯಾಗಿ ಹುಣಸೂರು ದಾಟಿದ ಮೇಲೆ.